ಕುಂಡದಲ್ಲಿ ವಯಸ್ಸಾದ ಬಳ್ಳಿ

(ತುಮಕೂರಿನಲ್ಲಿ ತಾರಸಿ ತೋಟ ಮಾಡಿಕೊಂಡಿರುವ ಕೆಲವು ಮನೆಯವರು ಒಂದು ಭಾನುವಾರ ಬೆಳಿಗ್ಗೆ ಸೇರಿದ್ದಾಗ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೂರನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ತಾರಸಿ ತೋಟದ ವಿಷಯಕ್ಕೆ ಯಾರಾದರೂ ಮಾತನಾಡಲು ಕರೆದರೆ, ಬೀಜ ಹಾಕುವುದು ಹೇಗೆ, ಸಸಿ ನೆಡುವುದು ಹೇಗೆ, ಮೂರು ತಿಂಗಳಲ್ಲಿ ಟೊಮೆಟೊ ಕೀಳುವುದು ಹೇಗೆ ಎಂದು ಹೇಳಬೇಕಾಗುತ್ತದೆ. ಇಂದು ಅದಾವುದನ್ನೂ ಹೇಳುವುದಿಲ್ಲ. ನಿಮ್ಮಲ್ಲಿ ಹಲವರ ಮನೆಯ ಮೆಟ್ಟಿಲ ಪಕ್ಕದಲ್ಲೋ ನೀರಿನ ತೊಟ್ಟಿಯ ಬುಡದಲ್ಲೋ ಒಂದು ಜಾಜಿಯೋ ವೀಳ್ಯದೆಲೆಯೋ ಕಾಗದದ ಹೂವೋ ಕುಂಡದಲ್ಲೇ ಎಂಟು ಹತ್ತು ವರ್ಷಗಳಿಂದ ಇದೆ. ಮೊದಲ ಮೂರು ನಾಲ್ಕು ವರ್ಷ ಅದು ಚೆನ್ನಾಗಿ ಹಬ್ಬಿ ಹೂವನ್ನೋ ಎಲೆಯನ್ನೋ ಕೊಟ್ಟು, ಆಮೇಲೆ ಸಾಯುವುದೂ ಇಲ್ಲ, ಸರಿಯಾಗಿ ಬೆಳೆಯುವುದೂ ಇಲ್ಲ ಎಂಬ ಸ್ಥಿತಿಗೆ ಬಂದು ನಿಂತಿದೆ. ನಾನು ಇಂದು ಮಾತನಾಡುವುದು ಆ ಬಳ್ಳಿಯ ಬಗ್ಗೆ.

ನೆಲದಲ್ಲಿರುವ ಬಳ್ಳಿ ಮೇಲೆ ಎಷ್ಟು ಹಬ್ಬುತ್ತದೋ ಅದಕ್ಕೆ ತಕ್ಕಷ್ಟು ಬೇರನ್ನೂ ಕೆಳಗೆ ಹರಡಿಕೊಳ್ಳುತ್ತದೆ. ಕುಂಡದಲ್ಲಿ ಮೇಲಿನದಕ್ಕೆ ಮಿತಿಯಿಲ್ಲ, ಕೆಳಗಿನದಕ್ಕೆ ಗೋಡೆಯಿದೆ. ಹದಿನೈದು ಅಡಿ ಹಬ್ಬಿದ ಜಾಜಿಯ ಬೇರು ಮೊದಲ ವರ್ಷ ಇದ್ದ ಅದೇ ಒಂದಡಿ ಜಾಗದಲ್ಲಿ ಸುತ್ತುತ್ತಾ ಇರುತ್ತದೆ. ಆದ್ದರಿಂದ ಹಳೆಯ ಬಳ್ಳಿಯ ಆರೈಕೆ ಎಂದರೆ ಮೇಲಿನದನ್ನೂ ಕೆಳಗಿನದನ್ನೂ ವರ್ಷಕ್ಕೊಮ್ಮೆ ಒಂದಕ್ಕೊಂದು ಸರಿಹೊಂದಿಸುವ ಕೆಲಸ. ನಾವು ಮಾತ್ರ ಎಲೆ ಹಳದಿಯಾಯಿತೆಂದು ಎಲೆಯನ್ನೇ ನೋಡುತ್ತೇವೆ, ಎಲೆಗೇ ಔಷಧಿ ಹೊಡೆಯುತ್ತೇವೆ.

ಮೊದಲು ನನ್ನದೇ ತಪ್ಪನ್ನು ಹೇಳಿಬಿಡುತ್ತೇನೆ. ನಮ್ಮ ಮನೆಯ ಜಾಜಿಯನ್ನು ನನ್ನ ತಾಯಿ ಒಂದು ಸಿಮೆಂಟ್ ಕುಂಡದಲ್ಲಿ ನೆಟ್ಟಿದ್ದರು. ಅದಕ್ಕೆ ಒಂಬತ್ತು ವರ್ಷವಾದಾಗ ಮೊಗ್ಗು ಕಡಿಮೆಯಾಗಿ, ಬುಡದಿಂದ ಎದೆಯ ಎತ್ತರದವರೆಗೆ ಒಂದೆಲೆಯೂ ಇಲ್ಲದೆ ಬರೀ ಕಡ್ಡಿಯಾಗಿತ್ತು. ಶಾಲೆಗೆ ಬೇಸಿಗೆ ರಜೆ ಬಂದಿತ್ತು, ನನಗೆ ಪುರುಸೊತ್ತಿತ್ತು. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಕುಂಡವನ್ನು ಮಲಗಿಸಿ, ಬಳ್ಳಿಯನ್ನು ಹೊರಗೆಳೆದು, ಪೈಪು ಬಿಟ್ಟು ಬೇರಿನ ಮಣ್ಣನ್ನೆಲ್ಲ ತೊಳೆದು, ಅರ್ಧದಷ್ಟು ಬೇರು ಕತ್ತರಿಸಿ, ಹೊಸ ಮಣ್ಣು ತುಂಬಿ, ಮತ್ತೆ ಅದೇ ಬಿಸಿಲಿನಲ್ಲಿ ನಿಲ್ಲಿಸಿದೆ. ಮೇಲಿನ ಹಬ್ಬನ್ನು ಮಾತ್ರ ಕತ್ತರಿಸಲು ಮನಸ್ಸು ಬರಲಿಲ್ಲ, ಹಾಗೆಯೇ ಬಿಟ್ಟೆ. ಎಂಟನೆಯ ದಿನಕ್ಕೆ ಎಲೆಗಳು ಹಪ್ಪಳದಂತಾದವು. ಮೂವತ್ತೈದು ವರ್ಷ ಮಕ್ಕಳಿಗೆ ಬೇರಿನ ರೋಮಗಳು ನೀರನ್ನು ಹೀರುತ್ತವೆ, ಎಲೆಯ ರಂಧ್ರಗಳು ನೀರನ್ನು ಹೊರಬಿಡುತ್ತವೆ ಎಂದು ಪಾಠ ಹೇಳಿದವನು ನಾನು. ಹೀರುವುದನ್ನು ಅರ್ಧಕ್ಕೆ ಇಳಿಸಿ, ಬಿಡುವುದನ್ನು ಪೂರ್ತಿ ಉಳಿಸಿ, ವರ್ಷದ ಅತಿ ಬಿಸಿಯ ತಿಂಗಳಲ್ಲಿ ಅದನ್ನು ಬಿಸಿಲಿಗಿಟ್ಟಿದ್ದೆ. ಕೊನೆಗೆ ಬಳ್ಳಿಯನ್ನು ಮೊಣಕಾಲೆತ್ತರಕ್ಕೆ ಸವರಿ, ಮೆಟ್ಟಿಲ ಕೆಳಗಿನ ನೆರಳಿಗೆ ಎಳೆದಿಟ್ಟೆವು. ಭರಣಿ ಮಳೆ ಮುಗಿದು ಕೃತ್ತಿಕೆ ಹಿಡಿದಾಗ ಗಿಣ್ಣೊಂದರಲ್ಲಿ ಸಾಸಿವೆ ಕಾಳಿನಷ್ಟು ಕೆಂಪು ಚಿಗುರು ಕಂಡಿತು. ಆ ಬಳ್ಳಿ ಇವತ್ತಿಗೂ ಇದೆ. ಅದರಿಂದ ಕಲಿತದ್ದನ್ನೇ ಇಲ್ಲಿ ಬಹುಪಾಲು ಹೇಳುವುದು.

ಬಳ್ಳಿ ಕುಂಡಕ್ಕೆ ಮೀರಿ ಬೆಳೆದಿದೆ ಎಂದು ತಿಳಿಯುವುದು ಹೇಗೆ? ಅದನ್ನು ಕಿತ್ತು ನೋಡಬೇಕಿಲ್ಲ. ನೀರು ಹಾಕಿದ ಕೂಡಲೇ ಅರ್ಧ ನಿಮಿಷದಲ್ಲಿ ಕೆಳಗಿನ ತೂತಿನಿಂದ ಸುರಿದುಬಿಟ್ಟರೆ, 'ಚೆನ್ನಾಗಿ ನೀರು ಬಸಿಯುತ್ತಿದೆ' ಎಂದು ಸಂತೋಷಪಡಬೇಡಿ. ಒಳಗಿನ ಮಣ್ಣು ಒಣಗಿ ಕುಗ್ಗಿ, ಕುಂಡದ ಗೋಡೆಗೂ ಬೇರಿನ ಗಡ್ಡೆಗೂ ನಡುವೆ ಸಂದು ಬಿಟ್ಟಿರುತ್ತದೆ, ನೀರು ಆ ಸಂದಿನಲ್ಲಿ ಜಾರಿ ಹೋಗಿರುತ್ತದೆ. ನಡುವಿನ ಬೇರಿಗೆ ಒಂದು ಹನಿಯೂ ತಲುಪಿರುವುದಿಲ್ಲ. ತೆಂಗಿನ ಗರಿಯ ಕಡ್ಡಿಯೊಂದನ್ನು ಬುಡದ ಹತ್ತಿರ ಗೇಣುದ್ದ ಚುಚ್ಚಿ ಹೊರತೆಗೆದು ನೋಡಿ. ಕಡ್ಡಿಗೆ ಮಣ್ಣು ಅಂಟದಿದ್ದರೆ ಒಳಗೆ ಒಣಗಿದೆ ಎಂದೇ ಅರ್ಥ. ಇನ್ನೊಂದು ಗುರುತು ಮಣ್ಣಿನ ಮಟ್ಟ. ನೆಟ್ಟಾಗ ಅಂಚಿಗಿಂತ ಎರಡು ಬೆರಳು ಕೆಳಗಿದ್ದ ಮಣ್ಣು ಈಗ ಗೇಣಿನಷ್ಟು ಇಳಿದಿದ್ದರೆ, ಅದರಲ್ಲಿದ್ದ ಗೊಬ್ಬರ ಕೊಳೆತು ಮುಗಿದು, ಆ ಜಾಗವನ್ನು ಬೇರು ತುಂಬಿಕೊಂಡಿದೆ ಎಂದು ತಿಳಿಯಬೇಕು.

ಇಂತಹ ಕುಂಡಕ್ಕೆ ಒಂದೇ ಸಲ ಬಕೆಟ್ಟುಗಟ್ಟಲೆ ನೀರು ಸುರಿದು ಪ್ರಯೋಜನವಿಲ್ಲ. ಎರಡು ತಂಬಿಗೆ ನಿಧಾನವಾಗಿ ಬುಡದ ಸುತ್ತ ಹಾಕಿ, ಅರ್ಧ ಗಂಟೆ ಬಿಟ್ಟು ಮತ್ತೆ ಎರಡು ತಂಬಿಗೆ ಹಾಕುವುದು ಒಳ್ಳೆಯದು. ಮೊದಲಿನ ನೀರಿಗೆ ಮಣ್ಣು ಉಬ್ಬಿ ಸಂದು ಮುಚ್ಚಿಕೊಳ್ಳುತ್ತದೆ, ಎರಡನೆಯದು ಒಳಗೆ ಇಳಿಯುತ್ತದೆ.

ತೂತಿನ ಮೇಲೆ ಜಲ್ಲಿ ಹಾಕುವ ವಿಷಯವನ್ನೂ ಇಲ್ಲೇ ಹೇಳಬೇಕು, ಏಕೆಂದರೆ ಇಲ್ಲಿರುವವರಲ್ಲಿ ಹೆಚ್ಚಿನವರು ಕುಂಡದ ತಳದಲ್ಲಿ ನಾಲ್ಕು ಬೆರಳು ದಪ್ಪಕ್ಕೆ ಜಲ್ಲಿಯನ್ನೋ ಇಟ್ಟಿಗೆ ಚೂರನ್ನೋ ತುಂಬಿದ್ದೀರಿ. ನಾನೂ ತುಂಬಿದ್ದೆ. ಈ ಮೇಜಿನ ಮೇಲೆ ಪಾತ್ರೆ ತೊಳೆಯುವ ಸ್ಪಂಜು ಇದೆ, ಇದನ್ನು ನೀರಿನಲ್ಲಿ ಅದ್ದಿ ತಟ್ಟೆಯ ಮೇಲೆ ಅಡ್ಡಲಾಗಿ ಹಿಡಿಯುತ್ತೇನೆ. ತೊಟ್ಟಿಕ್ಕಿತು, ತೊಟ್ಟಿಕ್ಕಿತು, ಈಗ ನಿಂತಿತು. ಇದನ್ನೇ ನೆಟ್ಟಗೆ ನಿಲ್ಲಿಸಿ ಹಿಡಿದರೆ, ನೋಡಿ, ಮತ್ತೆ ನೀರು ಬಂತು. ಸ್ಪಂಜು ಅದೇ, ನೀರು ಅದೇ, ಎತ್ತರ ಮಾತ್ರ ಬದಲಾಯಿತು. ಮಣ್ಣೂ ಹೀಗೆಯೇ. ತಳದ ಸ್ವಲ್ಪ ಎತ್ತರದವರೆಗೆ ನೀರನ್ನು ಅದು ಹಿಡಿದೇ ಇರುತ್ತದೆ, ಬಿಡುವುದಿಲ್ಲ. ಕೆಳಗೆ ಜಲ್ಲಿ ತುಂಬಿದರೆ ಆ ಒದ್ದೆ ಪದರವು ಜಲ್ಲಿಯ ಮೇಲಕ್ಕೆ, ಅಂದರೆ ಬೇರಿಗೆ ಇನ್ನೂ ಹತ್ತಿರಕ್ಕೆ ಬರುತ್ತದೆಯೇ ಹೊರತು ಇಲ್ಲವಾಗುವುದಿಲ್ಲ, ಜೊತೆಗೆ ಮಣ್ಣಿನ ಎತ್ತರವೂ ಕಡಿಮೆಯಾಗುತ್ತದೆ. ತೂತಿನ ಮೇಲೆ ಬಾಗಿದ ಹೆಂಚಿನ ಒಂದು ಚೂರನ್ನು ಬೋರಲು ಇಟ್ಟರೆ ಸಾಕು, ಅದು ಮಣ್ಣು ಕೊಚ್ಚಿ ಹೋಗದಂತೆ ತಡೆಯುವುದಕ್ಕೆ. ನೀರು ಸರಿಯಾಗಿ ಬಸಿಯಬೇಕಾದರೆ ಕುಂಡದ ಕೆಳಗೆ ಮೂರು ಇಟ್ಟಿಗೆ ಕೊಟ್ಟು ಎತ್ತರಿಸಿ, ತೂತಿನಿಂದ ಹೊರಬಂದ ಬೇರನ್ನು ಆಗಾಗ ಕತ್ತರಿಸಿ, ತೂತು ತೆರೆದಿರುವಂತೆ ನೋಡಿಕೊಳ್ಳಬೇಕು.

ದೊಡ್ಡ ಕುಂಡಕ್ಕೆ ಬದಲಾಯಿಸಿದರೆ ಆಗದೇ ಎಂದು ಕೇಳುತ್ತಾರೆ. ಆಗುತ್ತದೆ, ಒಂದು ಹಂತದವರೆಗೆ. ಒಂದಡಿ ಅಗಲ, ಒಂದಡಿ ಎತ್ತರದ ನೇರ ಗೋಡೆಯ ಕುಂಡದಲ್ಲಿ ಸುಮಾರು 21 ಲೀಟರ್ ಮಣ್ಣು ಹಿಡಿಯುತ್ತದೆ. ಒಂದೂವರೆ ಅಡಿಯದರಲ್ಲಿ ಸುಮಾರು 70 ಲೀಟರ್. ಅಳತೆ ಅರ್ಧದಷ್ಟು ಹೆಚ್ಚಿದರೆ ಮಣ್ಣು ಮೂರು ಪಟ್ಟಿಗೂ ಹೆಚ್ಚಾಗುತ್ತದೆ, ಬಳ್ಳಿಗೆ ಅದು ಹಬ್ಬವೇ ಸರಿ. ಆದರೆ ಒದ್ದೆ ಮಣ್ಣು ತುಂಬಿದ ಆ ಕುಂಡ ನೂರು ಕಿಲೋಗಿಂತ ಹೆಚ್ಚು ತೂಗುತ್ತದೆ. ಅಂಥವನ್ನು ತಾರಸಿಯ ನಡುವೆ ಸಾಲಾಗಿ ಇಡದೆ, ಕೆಳಗೆ ಗೋಡೆಯೋ ತೊಲೆಯೋ ಇರುವ ಕಡೆ ಇಡಬೇಕು, ಹಳೆಯ ಮನೆಯಾದರೆ ಕಟ್ಟಡ ತಿಳಿದವರನ್ನು ಕೇಳಿಯೇ ಇಡಬೇಕು. ಒಂದೂವರೆ ಅಡಿಯ ಕುಂಡಕ್ಕೆ ಬಂದ ಮೇಲೆ ಮುಂದೆ ಇನ್ನೂ ದೊಡ್ಡದಕ್ಕೆ ಹೋಗುವ ದಾರಿ ಹೆಚ್ಚಿನ ಮನೆಗಳಲ್ಲಿ ಇರುವುದಿಲ್ಲ. ಅಲ್ಲಿಂದ ಮುಂದೆ ಕುಂಡ ಅದೇ, ಮಣ್ಣನ್ನು ಮಾತ್ರ ಬದಲಿಸುತ್ತಾ ಹೋಗಬೇಕು.

ಅದಕ್ಕೆ ನಾನು ಅನುಸರಿಸುವ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕುಂಡದ ಬಾಯನ್ನು ಮೇಲಿನಿಂದ ನೋಡಿ ಒಬ್ಬಟ್ಟನ್ನು ನಾಲ್ಕು ಭಾಗ ಮಾಡಿದಂತೆ ಮನಸ್ಸಿನಲ್ಲೇ ನಾಲ್ಕು ಹೋಳು ಮಾಡಿಕೊಳ್ಳಿ. ಪ್ರತಿ ವರ್ಷ ಒಂದು ಹೋಳಿನ ಮಣ್ಣನ್ನು ಮಾತ್ರ ತೆಗೆಯಬೇಕು. ಬುಡದ ಕಾಂಡದಿಂದ ನಾಲ್ಕೈದು ಬೆರಳು ದೂರ ಬಿಟ್ಟು, ಅಲ್ಲಿಂದ ಕುಂಡದ ಗೋಡೆಯವರೆಗೆ, ಹಳೆಯ ಅಡುಗೆ ಚಾಕುವಿನಿಂದಲೋ ಸಣ್ಣ ಗರಗಸದಿಂದಲೋ ನೇರವಾಗಿ ಕೆಳಕ್ಕೆ ಕೊಯ್ಯಿರಿ. ಕೊಯ್ಯುವಾಗ ಬೇರು ಹರಿಯುವ ಸದ್ದು ಕೇಳುತ್ತದೆ, ಹೆದರಬೇಕಿಲ್ಲ. ಆ ಹೋಳಿನ ಮಣ್ಣನ್ನೂ ಬೇರನ್ನೂ ಕುರ್ಪಿಯಿಂದ ಕೈಗೆಟಕುವಷ್ಟು ಆಳದವರೆಗೆ ತೆಗೆದುಹಾಕಿ, ಹೊಸ ಮಣ್ಣಿನ ಮಿಶ್ರಣವನ್ನು ಎರಡು ಮೂರು ಸಲವಾಗಿ ತುಂಬಿ, ಪ್ರತಿ ಸಲವೂ ಕೋಲಿನಿಂದ ಮೆಲ್ಲಗೆ ಒತ್ತಿ ನೀರು ಹಾಕಬೇಕು. ಒಳಗೆ ಪೊಳ್ಳು ಉಳಿದರೆ ಅಲ್ಲಿ ಬೇರು ಬರುವುದಿಲ್ಲ, ಇರುವೆ ಬರುತ್ತದೆ. ಯಾವ ವರ್ಷ ಯಾವ ಹೋಳು ಎಂಬುದನ್ನು ಕುಂಡದ ಅಂಚಿನ ಮೇಲೆ ಬಣ್ಣದಿಂದ ಬರೆದಿಡಿ, ಏಕೆಂದರೆ ನೆನಪಿರುತ್ತದೆ ಎಂದುಕೊಂಡದ್ದು ನೆನಪಿರುವುದಿಲ್ಲ. ಹೀಗೆ ಮಾಡಿದರೆ ಬಳ್ಳಿ ಯಾವ ವರ್ಷವೂ ತನ್ನ ಬೇರಿನ ಕಾಲು ಭಾಗಕ್ಕಿಂತ ಹೆಚ್ಚು ಕಳೆದುಕೊಳ್ಳುವುದಿಲ್ಲ, ನಾಲ್ಕು ವರ್ಷಕ್ಕೆ ಮಣ್ಣೆಲ್ಲ ಹೊಸದಾಗಿರುತ್ತದೆ. ನೂರು ಕಿಲೋ ಕುಂಡವನ್ನು ಮಲಗಿಸಿ ಸೊಂಟ ಹಿಡಿಸಿಕೊಳ್ಳುವ ಪ್ರಮೇಯವೂ ಇಲ್ಲ.

ಮಿಶ್ರಣಕ್ಕೆ ನಾನು ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ, ಅರ್ಧ ಪಾಲು ದಪ್ಪ ಮರಳು ತೆಗೆದುಕೊಂಡು, ಬಾಂಡ್ಲಿಗೆ ಒಂದು ಹಿಡಿಯಂತೆ ಬೇವಿನ ಹಿಂಡಿ ಸೇರಿಸುತ್ತೇನೆ. ತಿಪಟೂರು ನಮ್ಮ ಜಿಲ್ಲೆಯಲ್ಲೇ ಇರುವಾಗ ನಾರಿನ ಪುಡಿಗೆ ಬರವಿಲ್ಲ, ಆದರೆ ನಾರು ತೆಗೆಯುವ ಕಡೆಯಿಂದ ನೇರವಾಗಿ ತಂದ ಹಸಿ ಪುಡಿಯನ್ನು ಹಾಗೆಯೇ ಹಾಕಬೇಡಿ. ಅದರಲ್ಲಿ ಉಪ್ಪಿನಂಶವೂ ಒಗರೂ ಇರುತ್ತದೆ, ಕೊಳೆಯುವಾಗ ಮಣ್ಣಿನ ಸಾರಜನಕವನ್ನೂ ತಾನೇ ತೆಗೆದುಕೊಳ್ಳುತ್ತದೆ. ಗೋಣಿಚೀಲದಲ್ಲಿ ಕಟ್ಟಿ, ಬಸಿದ ನೀರಿನ ಕಂದು ಬಣ್ಣ ತಿಳಿಯಾಗುವವರೆಗೆ ಮೂರು ನಾಲ್ಕು ಸಲ ತೊಳೆಯಿರಿ, ಇಲ್ಲವೇ ಒಂದು ಮಳೆಗಾಲ ಬಯಲಿನಲ್ಲಿ ರಾಶಿ ಹಾಕಿಡಿ.

ಇನ್ನು ಕತ್ತರಿಯ ಕೆಲಸ. ಹೋಳು ತೆಗೆಯುವುದೂ ಬಳ್ಳಿ ಸವರುವುದೂ ಒಂದೇ ವಾರದಲ್ಲಿ ಆಗಬೇಕು, ಕಾರಣವನ್ನು ನನ್ನ ಏಪ್ರಿಲ್ ಕಥೆಯೇ ಹೇಳಿದೆ. ಕಾಲ ಯಾವುದು ಎಂಬುದು ಬಳ್ಳಿಯ ಮೇಲೆ ಹೋಗುತ್ತದೆ. ದುಂಡು ಮಲ್ಲಿಗೆಗೆ ನವೆಂಬರ್ ಕೊನೆ, ಜಾಜಿಗೆ ಡಿಸೆಂಬರ್ ಕೊನೆ, ಸೂಜಿಮಲ್ಲಿಗೆಗೆ ಜನವರಿ ಕೊನೆ ಎಂಬುದು ಹೂವಿನ ಬೇಸಾಯದಲ್ಲಿ ರೂಢಿಯಲ್ಲಿರುವ ಲೆಕ್ಕ. ಹೊಲದಲ್ಲಿ ಇವನ್ನು ನೆಲದಿಂದ ಸುಮಾರು ಒಂದೂವರೆ ಅಡಿ ಬಿಟ್ಟು ಸವರಿಬಿಡುತ್ತಾರೆ, ಹೂವು ಬರುವುದು ಹೊಸ ಚಿಗುರಿನಲ್ಲಾದ್ದರಿಂದ ಆ ನಷ್ಟ ನಷ್ಟವಲ್ಲ. ಕುಂಡದಲ್ಲಿ ಹತ್ತು ವರ್ಷದ ಬಳ್ಳಿಯನ್ನು ಒಂದೇ ಏಟಿಗೆ ಹಾಗೆ ಇಳಿಸುವುದು ನನಗೆ ಧೈರ್ಯ ಸಾಲದ ಕೆಲಸ. ಬುಡದಿಂದ ಎದ್ದ ಕಾಂಡಗಳನ್ನು ಎಣಿಸಿ, ಅವುಗಳಲ್ಲಿ ಅತಿ ಹಳೆಯ ಮೂರನೇ ಒಂದು ಭಾಗವನ್ನು ಮಾತ್ರ ಬುಡಕ್ಕೆ ತೆಗೆದು, ಉಳಿದವನ್ನು ಅರ್ಧಕ್ಕೆ ಮೊಟಕು ಮಾಡುತ್ತೇನೆ. ಹಳೆಯ ಕಾಂಡದ ತೊಗಟೆ ಬೂದು ಬಣ್ಣಕ್ಕೆ ತಿರುಗಿ ಸೀಳಿರುತ್ತದೆ. ಸತ್ತಿದೆಯೋ ಇದೆಯೋ ಎಂಬ ಅನುಮಾನ ಬಂದರೆ ಉಗುರಿನಿಂದ ಕೆರೆದು ನೋಡಿ, ಕೆಳಗೆ ಹಸಿರಿದ್ದರೆ ಜೀವವಿದೆ.

ಬುಡ ಬೋಳಾಗುವುದಕ್ಕೆ ಇನ್ನೊಂದು ಕಾರಣವಿದೆ. ಬಳ್ಳಿಯ ತುದಿ ಮೇಲ್ಮುಖವಾಗಿರುವಷ್ಟು ಕಾಲ, ಆ ತುದಿಯಲ್ಲಿ ಉತ್ಪತ್ತಿಯಾಗಿ ಕೆಳಗಿಳಿಯುವ ಚೋದಕವು, ಅಂದರೆ ಹಾರ್ಮೋನು, ಕೆಳಗಿನ ಗಿಣ್ಣುಗಳ ಮೊಗ್ಗು ಒಡೆಯದಂತೆ ತಡೆಯುತ್ತದೆ. ತುದಿಯನ್ನು ಚಿವುಟಿದರೆ ಆ ತಡೆ ಹೋಗುತ್ತದೆ, ಬಳ್ಳಿಯನ್ನು ಅಡ್ಡಲಾಗಿ ಮಲಗಿಸಿ ಕಟ್ಟಿದರೂ ಸಡಿಲವಾಗುತ್ತದೆ. ಆದ್ದರಿಂದ ಕಂಬಿಗೆ ನೇರವಾಗಿ ಹತ್ತಿಸುವ ಬದಲು ಕಿಟಕಿಯ ಸರಳುಗಳ ಉದ್ದಕ್ಕೆ ಹಾವಿನಂತೆ ಅಡ್ಡಡ್ಡ ಓಡಿಸಿದ ಜಾಜಿಯಲ್ಲಿ ಬುಡದಿಂದಲೇ ಚಿಗುರು ಒಡೆಯುತ್ತದೆ, ಕೈಗೆಟಕುವ ಎತ್ತರದಲ್ಲೇ ಮೊಗ್ಗು ಸಿಗುತ್ತದೆ. ಕಟ್ಟುವುದಕ್ಕೆ ತಂತಿ ಬೇಡ, ಹಳೆಯ ಪಂಚೆಯ ಅಂಚನ್ನು ಎಂಟರ ಆಕಾರದಲ್ಲಿ ಸಡಿಲವಾಗಿ ಸುತ್ತಿದರೆ ಕಾಂಡ ದಪ್ಪವಾದರೂ ಕೊರೆಯುವುದಿಲ್ಲ. ಆಷಾಢದ ಗಾಳಿಗೆ ಮುಂಚೆ ಕಟ್ಟುಗಳನ್ನೆಲ್ಲ ಒಮ್ಮೆ ನೋಡಬೇಕು. ತಲೆಭಾರದ ಬಳ್ಳಿ ಹಗುರವಾದ ಪ್ಲಾಸ್ಟಿಕ್ ಕುಂಡವನ್ನೇ ಉರುಳಿಸಿದ್ದನ್ನು ನಮ್ಮ ಬೀದಿಯಲ್ಲೇ ಕಂಡಿದ್ದೇನೆ.

ವೀಳ್ಯದೆಲೆಯದು ಬೇರೆಯೇ ಲೆಕ್ಕ, ಅದನ್ನು ನನಗೆ ಕಲಿಸಿದ್ದು ಪುಸ್ತಕವಲ್ಲ. ಗುಬ್ಬಿಯ ಕಡೆ ಅಡಿಕೆ ಮರಗಳಿಗೆ ಎಲೆ ಬಳ್ಳಿ ಹಬ್ಬಿಸಿರುವ ಒಂದು ತೋಟಕ್ಕೆ ಹೋಗಿದ್ದೆ. ಎಪ್ಪತ್ತು ದಾಟಿದ ಯಜಮಾನರು ಮರದಿಂದ ಬಳ್ಳಿ ಬಿಡಿಸುತ್ತಿದ್ದರು. ಮೇಲಿನಿಂದ ಶುರು ಮಾಡಿ, ಬಳ್ಳಿ ಗಿಣ್ಣುಗಿಣ್ಣಿಗೂ ಮರಕ್ಕೆ ಊರಿದ ಸಣ್ಣ ಬೇರುಗಳನ್ನು ಹೆಬ್ಬೆರಳಿನಿಂದ ಸವರುತ್ತಾ ಎಬ್ಬಿಸಿ, ಮಗುವನ್ನು ಇಳಿಸಿಕೊಳ್ಳುವಂತೆ ಇನ್ನೊಂದು ತೋಳಿನ ಮೇಲೆ ಬಳ್ಳಿಯನ್ನು ಇಳಿಸಿಕೊಳ್ಳುತ್ತಿದ್ದರು. ಎಲೆಯಿಲ್ಲದ ಕೆಳಗಿನ ಕಾಂಡವನ್ನೆಲ್ಲ ಬುಡದಲ್ಲಿ ಸಿಂಬೆಯಂತೆ ಸುತ್ತಿಟ್ಟು, ಮೇಲೆ ಗೊಬ್ಬರ ಮಣ್ಣು ಮುಚ್ಚಿ, ಎಲೆಯಿರುವ ತುದಿಯನ್ನು ಮಾತ್ರ ಮತ್ತೆ ಮರಕ್ಕೆ ಬಾಳೆ ನಾರಿನಿಂದ ಕಟ್ಟಿದರು.

“ಇದ್ಯಾಕೆ ಯಜಮಾನ್ರೇ, ಮೇಲೆ ಚೆನ್ನಾಗೇ ಇತ್ತಲ್ಲ?” ಎಂದೆ.

“ಮೇಷ್ಟ್ರೇ, ಮೇಲಿರೋದು ಎಳೇದು, ಬುಡ ಮುದಿಯಾಗದೆ. ಇಷ್ಟೆತ್ತರ ನೀರು ಸೇದಿ ಸೇದಿ ಎಲೆ ಚಿಕ್ಕದಾಯ್ತು ನೋಡಿ. ಬಳ್ಳಿ ಇಳಿಸಿದ್ರೆ ಎಳೇದಕ್ಕೇ ಹೊಸ ಬೇರು ಬತ್ತದೆ” ಎಂದರು ಅವರು, ಕೈ ಮಾತ್ರ ನಿಲ್ಲಿಸಲಿಲ್ಲ.

ವೀಳ್ಯದೆಲೆ ಬಳ್ಳಿಯಲ್ಲಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ತೋಟಗಳಲ್ಲಿ ಯಾರೂ ಬೀಜದಿಂದ ಅದನ್ನು ಬೆಳೆಸುವುದಿಲ್ಲ, ಒಂದು ಬಳ್ಳಿಯ ತುಂಡಿನಿಂದ ಇನ್ನೊಂದು ಬಳ್ಳಿ, ಹೀಗೆಯೇ ತಲೆಮಾರುಗಳಿಂದ ನಡೆದಿದೆ. ಪ್ರತಿ ಗಿಣ್ಣಿನಲ್ಲೂ ಬೇರೊಡೆಯುವ ಶಕ್ತಿ ಇರುವುದರಿಂದಲೇ ಅದು ಸಾಧ್ಯವಾಗಿರುವುದು, ಬಳ್ಳಿ ಇಳಿಸುವ ಕೆಲಸ ನಿಂತಿರುವುದೂ ಅದೇ ಗುಣದ ಮೇಲೆ. ಕುಂಡದಲ್ಲಿ ಇದು ಇನ್ನೂ ಸುಲಭ. ಮಳೆ ಹಿಡಿದ ಮೇಲೆ, ಜೂನ್ ಜುಲೈಯಲ್ಲಿ, ಹಿಂದಿನ ದಿನವೇ ಚೆನ್ನಾಗಿ ನೀರು ಹಾಕಿಡಿ. ಕುಂಡದ ಮೇಲಿನ ನಾಲ್ಕು ಬೆರಳು ಮಣ್ಣನ್ನು ತೆಗೆದು ಜಾಗ ಮಾಡಿ, ಬೋಳು ಕಾಂಡವನ್ನು ಮುರಿಯದಂತೆ ದೊಡ್ಡ ಸುತ್ತಾಗಿ ಸುತ್ತಿ, ಹೊಸ ಮಣ್ಣು ಮುಚ್ಚಿ, ಎಲೆಯಿರುವ ಎರಡು ಮೂರು ಅಡಿಯನ್ನು ಮಾತ್ರ ಮೇಲೆ ಬಿಡಿ. ಕೊಳೆತ, ಕಪ್ಪಾದ ಭಾಗವಿದ್ದರೆ ಅದನ್ನು ಮೊದಲೇ ಕತ್ತರಿಸಿ ಎಸೆಯಿರಿ, ಹೂಳಬೇಡಿ, ಬುಡ ಕೊಳೆಯುವ ರೋಗ ಈ ಬಳ್ಳಿಯ ದೊಡ್ಡ ಶತ್ರು, ನೀರು ನಿಂತ ಮಣ್ಣಿನಲ್ಲಿ ಅದು ಬೇಗ ಹರಡುತ್ತದೆ. ನೆರಳು ಬೇಕು, ತೇವ ಬೇಕು, ಆದರೆ ಕೆಸರಾಗಬಾರದು. ಇದೇ ಕೆಲಸವನ್ನು ಜಾಜಿಗೆ ಮಾಡಲು ಹೋಗಬೇಡಿ. ಜಾಜಿಯ ಎಳೆಯ ಹಂಬನ್ನು ಮಣ್ಣಿಗೆ ಒತ್ತಿ ಬೇರು ಬರಿಸಬಹುದು, ನಿಜ, ಆದರೆ ಅದರ ಹತ್ತು ವರ್ಷದ ಗಟ್ಟಿ ಕಾಂಡ ಸಿಂಬೆ ಸುತ್ತಿಸಿಕೊಳ್ಳುವುದಿಲ್ಲ, ಮುರಿಯುತ್ತದೆ.

ಈಗ ನೀರಿನ ಗುಣದ ವಿಷಯಕ್ಕೆ ಬರುತ್ತೇನೆ, ನಮ್ಮ ಊರಿನಲ್ಲಿ ಇದನ್ನು ಬಿಟ್ಟು ಕುಂಡದ ಮಾತು ಮುಗಿಯುವುದಿಲ್ಲ. ಬುಗುಡನಹಳ್ಳಿ ಕೆರೆಯಿಂದ ಬರುವ ಹೇಮಾವತಿ ನೀರು ಬಿಟ್ಟ ದಿನ ಕುಡಿಯಲು ಹಿಡಿದಿಡುತ್ತೇವೆ, ಗಿಡಕ್ಕೆ ಬೋರ್ ನೀರೇ ಗತಿ. ಆ ನೀರಿನ ಗಡಸುತನ ನಿಮಗೆ ಬಿಸಿನೀರಿನ ಪಾತ್ರೆಯ ತಳದಲ್ಲಿ ಬಿಳಿ ಪದರವಾಗಿ ಕಾಣುತ್ತದೆ, ಕುಂಡದ ಅಂಚಿನಲ್ಲೂ ಅದೇ ಬಿಳಿ ಗೆರೆ. ನೆಲದಲ್ಲಾದರೆ ಮಳೆ ಅದನ್ನು ತೊಳೆದು ಆಳಕ್ಕೆ ಒಯ್ಯುತ್ತದೆ, ಕುಂಡದಲ್ಲಿ ವರ್ಷದಿಂದ ವರ್ಷಕ್ಕೆ ಅಲ್ಲೇ ಸೇರುತ್ತದೆ. ಮಣ್ಣು ಹೀಗೆ ಸುಣ್ಣ ಹೆಚ್ಚಾಗಿ ಕ್ಷಾರವಾದಾಗ ಅದರಲ್ಲಿ ಕಬ್ಬಿಣವಿದ್ದರೂ ಬೇರು ಅದನ್ನು ಹೀರಲಾರದು. ಎಳೆಯ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಬಲೆಯಂತೆ ಉಳಿದರೆ ಇದೇ ಕಾರಣ. ಹಳೆಯ ಎಲೆ, ಕೆಳಗಿನ ಎಲೆ ಪೂರ್ತಿ ಹಳದಿಯಾದರೆ ಅದು ಸಾರಜನಕದ ಕೊರತೆ, ಅದಕ್ಕೆ ಗೊಬ್ಬರ ಬೇಕು. ಈ ಎರಡನ್ನು ಬೆರೆಸಿಕೊಂಡವರೇ ಹೆಚ್ಚು. ಮೊದಲನೆಯದಕ್ಕೆ ಅನ್ನಭೇದಿಯನ್ನು, ಅಂದರೆ ಕಬ್ಬಿಣದ ಸಲ್ಫೇಟನ್ನು, ಲೀಟರ್ ನೀರಿಗೆ 5 ಗ್ರಾಂ ಕರಗಿಸಿ, ಸಂಜೆಯ ಹೊತ್ತು ಎಲೆಗೆ ಸಿಂಪಡಿಸಿ, ಹದಿನೈದು ದಿನ ಬಿಟ್ಟು ಇನ್ನೊಮ್ಮೆ ಸಿಂಪಡಿಸಬೇಕು. ಮಣ್ಣಿಗೆ ಹಾಕಿದರೆ ಆ ಕ್ಷಾರದಲ್ಲಿ ಅದೂ ಕೂಡಲೇ ಕರಗದ ರೂಪಕ್ಕೆ ತಿರುಗುತ್ತದೆ. ತಾರಸಿಯ ಟೈಲ್ಸಿನ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ, ಮೊದಲು ಗೋಣಿ ಹಾಸಿ. ಸೆಪ್ಟೆಂಬರ್, ಅಕ್ಟೋಬರ್ ನಮ್ಮಲ್ಲಿ ಹೆಚ್ಚು ಮಳೆಯ ತಿಂಗಳುಗಳು, ಆಗ ತಾರಸಿಯ ಮಳೆನೀರನ್ನು ಡ್ರಮ್ಮಿಗೆ ಹಿಡಿದು, ಪ್ರತಿ ಕುಂಡಕ್ಕೂ ಎರಡು ಮೂರು ಬಕೆಟ್ಟು ನಿಧಾನವಾಗಿ ಬಿಟ್ಟು, ಸೇರಿದ ಉಪ್ಪನ್ನು ತೂತಿನಿಂದ ಹೊರಗೆ ತೊಳೆದುಬಿಡಿ.

ಇದೇ ಕಾರಣಕ್ಕೆ, ಗಡಸು ನೀರು ಹಾಕುವ ಕುಂಡಕ್ಕೆ ಒಲೆಯ ಬೂದಿಯನ್ನೂ ಮೊಟ್ಟೆಯ ಚಿಪ್ಪಿನ ಪುಡಿಯನ್ನೂ ಹಾಕಬೇಡಿ ಎಂದು ಬೇಡಿಕೊಳ್ಳುತ್ತೇನೆ. ಬೂದಿ ಕ್ಷಾರ, ಚಿಪ್ಪು ಸುಣ್ಣವೇ. ಮೊಬೈಲಿನಲ್ಲಿ ಬರುವ ವಿಡಿಯೊ ಮಾಡಿದವರ ಊರಿನ ನೀರು ಬೇರೆ ಇರಬಹುದು. ಗೊಬ್ಬರಕ್ಕೆ ನೂರು ಗ್ರಾಂ ಕಡಲೆಕಾಯಿ ಹಿಂಡಿಯನ್ನು ಐದು ಲೀಟರ್ ನೀರಿನಲ್ಲಿ ಮೂರು ದಿನ ನೆನೆಸಿ, ಅದಕ್ಕೆ ಇನ್ನಷ್ಟು ನೀರು ಬೆರೆಸಿ ತೆಳ್ಳಗೆ ಮಾಡಿ, ತಿಂಗಳಿಗೆರಡು ಸಲ ಕೊಟ್ಟರೆ ಚಿಗುರುವ ಕಾಲಕ್ಕೆ ಸಾಕು. ವಾಸನೆಗೆ ಪಕ್ಕದ ಮನೆಯವರು ಬಂದು ಕೇಳುತ್ತಾರೆ, ಅದಕ್ಕೆ ನನ್ನ ಬಳಿ ಪರಿಹಾರವಿಲ್ಲ.

ಬೇಸಿಗೆಯಲ್ಲಿ ಬಳ್ಳಿಗಿಂತ ಕುಂಡಕ್ಕೇ ನೆರಳು ಮುಖ್ಯ. ಮಾರ್ಚ್‌ನಿಂದ ಮೇವರೆಗೆ ಪಡುವಣ ಬಿಸಿಲು ಬಡಿಯುವ ಕಡೆಯ ಗೋಡೆ ಮುಟ್ಟಿದರೆ ಕೈ ಸುಡುತ್ತದೆ, ಆ ಗೋಡೆಗೆ ಅಂಟಿಕೊಂಡ ಬೇರುಗಳು ಬೇಯುತ್ತವೆ. ಆ ಬದಿಗೆ ಸಣ್ಣ ಕುಂಡಗಳನ್ನು ಸಾಲಾಗಿಟ್ಟು ಮರೆಮಾಡಿ, ಇಲ್ಲವೇ ಗೋಣಿ ಸುತ್ತಿ, ಬುಡಕ್ಕೆ ಒಣಗಿದ ಎಲೆ ಹೊದಿಸಿ. ಬಿಳಿ ಹಿಟ್ಟು ತಿಗಣೆ ಬಂದರೆ ಮೊದಲು ಇರುವೆಯ ಸಾಲನ್ನು ಹುಡುಕಿ ತಡೆಯಿರಿ, ಅವುಗಳನ್ನು ಹೊತ್ತು ತರುವುದೂ ಕಾಯುವುದೂ ಇರುವೆಗಳೇ. ಬಳಿಕ ಲೀಟರ್ ನೀರಿಗೆ ಐದು ಮಿಲಿ ಬೇವಿನ ಎಣ್ಣೆ, ನಾಲ್ಕು ಹನಿ ಸೋಪಿನ ದ್ರಾವಣ. ಎಲೆ ಬಳ್ಳಿಗೆ ಅದೂ ಬೇಡ, ಒದ್ದೆ ಬಟ್ಟೆಯಿಂದ ಒರೆಸಿ, ಬಾಯಿಗೆ ಹಾಕಿಕೊಳ್ಳುವ ಎಲೆಯದು.

ಪ್ರಶ್ನೆಗಳಿಗೆ ಸಮಯ ಬಿಡಬೇಕು.

ಹಿಂದಿನ ಸಾಲಿನಲ್ಲಿದ್ದ ಒಬ್ಬ ತಾಯಿ, ತಮ್ಮ ಮನೆಯ ಕಾಗದದ ಹೂವಿನ ಬಳ್ಳಿ, ಅಂದರೆ ಬೋಗನ್‌ವಿಲ್ಲಾ, ಎಲೆ ತುಂಬಿಕೊಂಡಿದ್ದರೂ ಎರಡು ವರ್ಷದಿಂದ ಬಣ್ಣವನ್ನೇ ತೋರಿಸಿಲ್ಲ ಎಂದರು. ದಿನಕ್ಕೆರಡು ಸಲ ನೀರು, ವಾರಕ್ಕೊಮ್ಮೆ ಹಿಂಡಿ ನೀರು ಕೊಡುತ್ತಿದ್ದೀರಲ್ಲವೇ ಎಂದು ಕೇಳಿದೆ, ಹೌದು ಎಂದರು. ಆ ಬಳ್ಳಿಗೆ ಅದೇ ಹೆಚ್ಚಾಯಿತು. ನಾವು ಹೂವು ಎನ್ನುವುದು ಅಲ್ಲಿ ಬಣ್ಣ ಬಂದ ಎಲೆಯೇ, ನಿಜವಾದ ಹೂವು ಒಳಗಿನ ಸಣ್ಣ ಬಿಳಿ ಕೊಳವೆ. ಪೂರ್ತಿ ಬಿಸಿಲಿನಲ್ಲಿಟ್ಟು, ಗೊಬ್ಬರ ನಿಲ್ಲಿಸಿ, ಎಲೆ ಸ್ವಲ್ಪ ಬಾಡುವವರೆಗೆ ನೀರು ತಡೆದು ಕೊಟ್ಟರೆ ಅದು ಬಣ್ಣಕ್ಕೆ ಬರುತ್ತದೆ. ಒಂದು ಸುತ್ತು ಮುಗಿದ ಕೂಡಲೇ ತುದಿಗಳನ್ನು ಸವರಿ. ಆದರೆ ನಾನು ಹೇಳಿದ ಹೋಳು ತೆಗೆಯುವ ಕೆಲಸವನ್ನು ಇದಕ್ಕೆ ಮಾಡಬೇಡಿ, ಇದರ ಬೇರು ಬಹಳ ನವಿರು, ಕೆಣಕಿದರೆ ಮುನಿಸಿಕೊಳ್ಳುತ್ತದೆ. ಮೇಲಿನ ಮೂರು ಬೆರಳು ಮಣ್ಣು ಬದಲಿಸಿದರೆ ಸಾಕು.

ಇನ್ನೊಬ್ಬರು, ಸವರಿದ ಜಾಜಿಗೆ ಎಷ್ಟು ದಿನಕ್ಕೆ ನೀರು ಎಂದರು. ದಿನದ ಲೆಕ್ಕ ಹೇಳಲಾರೆ. ಎಲೆ ಕಡಿಮೆಯಾದ ಬಳ್ಳಿ ಕುಡಿಯುವುದೂ ಕಡಿಮೆ, ಹಳೆಯ ಅಭ್ಯಾಸದಲ್ಲಿ ಮೊದಲಿನಷ್ಟೇ ಸುರಿದರೆ ಹೊಸ ಮಣ್ಣಿನ ಹೋಳು ಕೆಸರಾಗಿ ಕತ್ತರಿಸಿದ ಬೇರಿನ ತುದಿ ಕೊಳೆಯುತ್ತದೆ. ಎರಡು ವಾರ ನೆರಳಿನಲ್ಲಿಟ್ಟು, ಕಡ್ಡಿ ಚುಚ್ಚಿ ನೋಡಿ ಹಾಕಿ, ಚಿಗುರು ಒಂದು ಗೇಣಾದ ಮೇಲೆ ಬಿಸಿಲಿಗೂ ಮಾಮೂಲು ನೀರಿಗೂ ತನ್ನಿ.

ಕೊನೆಯ ಪ್ರಶ್ನೆ ಒಬ್ಬ ಯುವಕರದು. ಅವರು ಬಾಡಿಗೆ ಮನೆ ಬಿಟ್ಟು ಹಳ್ಳಿಯ ಸ್ವಂತ ಮನೆಗೆ ಹೋಗುತ್ತಿದ್ದಾರೆ, ಅಜ್ಜಿಯ ಕಾಲದ ಮಲ್ಲಿಗೆಯನ್ನು ಕುಂಡದಿಂದ ನೆಲಕ್ಕೆ ಇಳಿಸಬಹುದೇ ಎಂದು ಕೇಳಿದರು. ಇಳಿಸಬಹುದು, ಮಳೆಗಾಲದ ಮೊದಲಲ್ಲಿ. ಆದರೆ ಕುಂಡದ ಆಕಾರದಲ್ಲೇ ಸುತ್ತಿಕೊಂಡ ಬೇರನ್ನು ಹಾಗೆಯೇ ಗುಂಡಿಗೆ ಇಟ್ಟರೆ, ಸುತ್ತಲೂ ಎಕರೆಗಟ್ಟಲೆ ಮಣ್ಣಿದ್ದರೂ ಅದು ವರ್ಷಗಟ್ಟಲೆ ಅಲ್ಲೇ ಸುತ್ತುತ್ತಿರುತ್ತದೆ. ಗಡ್ಡೆಯ ಸುತ್ತ ನಾಲ್ಕು ಕಡೆ ಚಾಕುವಿನಿಂದ ಮೇಲಿನಿಂದ ಕೆಳಕ್ಕೆ ಒಂದು ಬೆರಳು ಆಳ ಗೀರಿ, ತಳದಲ್ಲಿ ಚಾಪೆಯಂತೆ ಹೆಣೆದುಕೊಂಡಿರುವುದನ್ನು ಕತ್ತರಿಸಿ ತೆಗೆದು, ಬಿಡಿಸಬಹುದಾದ ಬೇರುಗಳನ್ನು ಬೆರಳಿನಿಂದ ಹೊರಮುಖವಾಗಿ ಬಿಡಿಸಿ ನೆಡಿ. ಸಾಗಿಸುವ ಮುಂಚೆ ಬಳ್ಳಿಯನ್ನು ಅರ್ಧಕ್ಕೆ ಸವರಿಕೊಳ್ಳಿ, ಆ ಕಡ್ಡಿಗಳಲ್ಲಿ ನಾಲ್ಕನ್ನು ಬೇರೆ ಕವರಿನಲ್ಲಿ ನೆಟ್ಟು ನೆರಳಿನಲ್ಲಿಡಿ. ದೊಡ್ಡದು ಹಿಡಿಯದಿದ್ದರೂ ಅವುಗಳಲ್ಲಿ ಒಂದಾದರೂ ಹಿಡಿಯುತ್ತದೆ.